ಮೂಲನಿವಾಸಿಗಳ ದುಡಿಮೆ ಮತ್ತು ಆರೋಗ್ಯ: ಧರಿಸುವ ಮಾಪಕಗಳು ಹೇಳುವುದೇನು?

ಮಾನವನ ಇತಿಹಾಸದ ಬಹುಭಾಗದಲ್ಲಿ ವ್ಯಾಯಾಮವೆಂಬ ಪ್ರತ್ಯೇಕ ಕ್ರಿಯೆ ಇರಲಿಲ್ಲ. ಗೆಡ್ಡೆ ಅಗೆಯುವುದು, ಜೇನು ಕೀಳುವುದು, ಬೇಟೆಯ ಜಾಡು ಹಿಡಿದು ನಡೆಯುವುದು, ನೀರು ಹೊರುವುದು, ಧಾನ್ಯ ಕುಟ್ಟುವುದು, ದೋಣಿ ನಡೆಸುವುದು ಇವೇ ಜೀವನೋಪಾಯಗಳಾಗಿದ್ದವು. ದೇಹಕ್ಕೆ ಬೇಕಾದ ಶ್ರಮವೂ ಇವುಗಳಿಂದಲೇ ದೊರೆಯುತ್ತಿತ್ತು. ಇಂದಿಗೂ ಪ್ರಪಂಚದ ಹಲವೆಡೆ ಮೂಲನಿವಾಸಿ ಸಮುದಾಯಗಳು ಈ ಕೆಲಸಗಳನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ಉಳಿಸಿಕೊಂಡು ಬಂದಿವೆ. ಇನ್ನು ಕೆಲವು ಸಮುದಾಯಗಳು ತಮ್ಮ ನೆಲ, ಜಲ ಮತ್ತು ಅರಣ್ಯಗಳನ್ನು ಕಳೆದುಕೊಂಡು, ಅವುಗಳೊಡನೆ ಈ ದುಡಿಮೆಯನ್ನೂ ಕಳೆದುಕೊಂಡಿವೆ.

ನಗರವಾಸಿಗಳ ಮಣಿಕಟ್ಟಿನ ಮೇಲೆ ಕಾಣುವ, ಹೆಜ್ಜೆಗಳನ್ನೂ ಹೃದಯಬಡಿತವನ್ನೂ ಎಣಿಸುವ ಚಿಕ್ಕ ಪಟ್ಟಿಗಳಂತಹ ಸಾಧನಗಳು ಕಳೆದ ಎರಡು ದಶಕಗಳಲ್ಲಿ ಈ ಸಮುದಾಯಗಳ ನಡುವೆಯೂ ಬಳಕೆಗೆ ಬಂದಿವೆ. ಸಾಂಪ್ರದಾಯಿಕ ದುಡಿಮೆಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಅಂಕಿಗಳಲ್ಲಿ ಹಿಡಿದಿಡುವುದು ಇದರ ಉದ್ದೇಶ. ಈ ಅಧ್ಯಯನಗಳು ಕೆಲವು ಹಳೆಯ ನಂಬಿಕೆಗಳನ್ನು ದೃಢಪಡಿಸಿವೆ, ಕೆಲವನ್ನು ಅಲುಗಾಡಿಸಿವೆ. ಸಾಧನವು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು, ಅಳತೆಯಿಂದ ದೊರೆತ ಮಾಹಿತಿ ಯಾರ ಸ್ವತ್ತು ಎಂಬ ಪ್ರಶ್ನೆಗಳನ್ನೂ ಅವು ಮುಂದಿಟ್ಟಿವೆ.

ದುಡಿಮೆ ತಪ್ಪಿದಾಗ

ಈ ವಿಷಯದ ಮಹತ್ವವನ್ನು ಅರಿಯಲು ಎರಡು ಉದಾಹರಣೆಗಳು ಸಾಕು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಗಿಲಾ ನದಿಯ ದಂಡೆಯಲ್ಲಿ ಪೀಮಾ ಜನರು ವಾಸಿಸುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ ‘ನದಿಯ ಜನ’ ಎಂದೇ ಅರ್ಥ. ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದ ಈ ಜನರ ನೀರನ್ನು 19ನೆಯ ಶತಮಾನದ ಉತ್ತರಾರ್ಧದಲ್ಲಿ ನದಿಯ ಮೇಲ್ಭಾಗದ ವಲಸಿಗರು ತಿರುಗಿಸಿಕೊಂಡರು. ಹೊಲಗಳು ಒಣಗಿದವು, ದುಡಿಮೆ ನಿಂತಿತು, ಹೊರಗಿನಿಂದ ಬಂದ ಹಿಟ್ಟು, ಸಕ್ಕರೆ ಮತ್ತು ಕೊಬ್ಬು ಆಹಾರವಾದವು. ಮುಂದೆ ಈ ಸಮುದಾಯವು ಪ್ರಪಂಚದಲ್ಲಿಯೇ ಅತಿ ಹೆಚ್ಚು ಮಧುಮೇಹ ಕಂಡುಬಂದ ಸಮುದಾಯಗಳಲ್ಲಿ ಒಂದಾಯಿತು.

ಇದು ರಕ್ತದ ದೋಷವೆಂದು ಅನೇಕರು ಭಾವಿಸಿದ್ದರು. ಆದರೆ ಇದೇ ಮೂಲದ ಪೀಮಾ ಜನರು ಮೆಕ್ಸಿಕೊದ ಸೊನೋರಾ ಪ್ರಾಂತ್ಯದ ಮಾಯ್‌ಕೋಬಾ ಎಂಬ ಬೆಟ್ಟಪ್ರದೇಶದಲ್ಲಿಯೂ ಇದ್ದಾರೆ. ಅವರು ಹೊಲದಲ್ಲಿ ದುಡಿಯುವ ಬದುಕನ್ನು ಮುಂದುವರಿಸಿದ್ದರು. 2006ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ ಅರಿಜೋನಾದ ಪೀಮಾ ವಯಸ್ಕರಲ್ಲಿ ಶೇಕಡಾ 38ರಷ್ಟು ಮಂದಿಗೆ ಮಧುಮೇಹವಿದ್ದರೆ, ಮಾಯ್‌ಕೋಬಾದ ಪೀಮಾ ವಯಸ್ಕರಲ್ಲಿ ಅದು ಶೇಕಡಾ 6.9 ಮಾತ್ರ ಆಗಿತ್ತು. ಒಂದೇ ಮೂಲದ ಜನರ ನಡುವೆ ಇಷ್ಟು ಅಂತರ ಉಂಟಾಗಲು ಜೀವನಕ್ರಮವೇ ಮುಖ್ಯ ಕಾರಣವೆಂದು ತಜ್ಞರು ತೀರ್ಮಾನಿಸಿದರು.

ಎರಡನೆಯ ಉದಾಹರಣೆ ಆಸ್ಟ್ರೇಲಿಯದ ವಾಯವ್ಯ ಭಾಗದ ಕಿಂಬರ್ಲಿ ಪ್ರದೇಶದ್ದು. ಪಟ್ಟಣದ ಬದಿಯಲ್ಲಿ ನೆಲೆಸಿದ್ದ, ಮಧುಮೇಹದಿಂದ ಬಳಲುತ್ತಿದ್ದ 10 ಮಂದಿ ಮೂಲನಿವಾಸಿಗಳು 7 ವಾರಗಳ ಕಾಲ ತಮ್ಮ ಪೂರ್ವಿಕರ ನೆಲಕ್ಕೆ ಮರಳಿ, ಬೇಟೆ ಮತ್ತು ಆಹಾರ ಸಂಗ್ರಹದಿಂದ ಬದುಕಿದರು. ಅವರೊಡನಿದ್ದ ಸಂಶೋಧಕಿ ಕೆರಿನ್ ಓಡೀ 1984ರಲ್ಲಿ ಇದರ ಫಲಿತಾಂಶಗಳನ್ನು ಪ್ರಕಟಿಸಿದರು. ಅವರ ತೂಕವು ಸರಾಸರಿ 8 ಕಿಲೋಗ್ರಾಂ ಇಳಿದಿತ್ತು. ಖಾಲಿ ಹೊಟ್ಟೆಯಲ್ಲಿನ ರಕ್ತದ ಸಕ್ಕರೆಯು 100 ಮಿಲಿಲೀಟರಿಗೆ ಸುಮಾರು 209 ಮಿಲಿಗ್ರಾಂನಿಂದ ಸುಮಾರು 119 ಮಿಲಿಗ್ರಾಂಗೆ ಬಂದಿತ್ತು. ಈ ಸುಧಾರಣೆಯಲ್ಲಿ ಆಹಾರದ ಪಾಲೆಷ್ಟು, ದುಡಿಮೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿರಲಿಲ್ಲ. ದಿನವಿಡೀ ದೇಹಕ್ಕೆ ಅಂಟಿಕೊಂಡಿದ್ದು ಅದರ ಚಲನೆಯನ್ನು ದಾಖಲಿಸುವ ಹಗುರವಾದ ಸಾಧನ ಆಗ ಇರಲಿಲ್ಲ.

ಮಾಪಕಗಳು ಕೆಲಸ ಮಾಡುವ ಬಗೆ

ಇಂದಿನ ಸಾಧನಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಅಳತೆಗಳು ಇರುತ್ತವೆ. ಮೊದಲನೆಯದು ವೇಗೋತ್ಕರ್ಷ ಮಾಪಕ. ಸಾಸಿವೆ ಕಾಳಿನಷ್ಟು ಚಿಕ್ಕದಾಗಿರಬಹುದಾದ ಈ ಭಾಗವು ಮೂರು ದಿಕ್ಕುಗಳಲ್ಲಿ ಉಂಟಾಗುವ ಕುಲುಕಾಟವನ್ನು ಕ್ಷಣಕ್ಷಣಕ್ಕೂ ದಾಖಲಿಸುತ್ತದೆ. ನಡಿಗೆಯಲ್ಲಿ ಕುಲುಕಾಟವು ಲಯಬದ್ಧವಾಗಿರುವುದರಿಂದ ಆ ಲಯವನ್ನು ಗುರುತಿಸಿ ಹೆಜ್ಜೆಗಳನ್ನು ಎಣಿಸಲಾಗುತ್ತದೆ. ಎರಡನೆಯದು ಹೃದಯಬಡಿತದ ಮಾಪಕ. ಎದೆಗೆ ಕಟ್ಟುವ ಪಟ್ಟಿಯು ಹೃದಯದ ವಿದ್ಯುತ್ ಸಂಕೇತವನ್ನು ಗ್ರಹಿಸುತ್ತದೆ. ಮಣಿಕಟ್ಟಿನ ಪಟ್ಟಿಯು ಚರ್ಮದ ಮೇಲೆ ಹಸಿರು ಬೆಳಕನ್ನು ಹಾಯಿಸಿ, ರಕ್ತದ ಏರಿಳಿತಕ್ಕೆ ತಕ್ಕಂತೆ ಹಿಂತಿರುಗುವ ಬೆಳಕಿನಲ್ಲಾಗುವ ವ್ಯತ್ಯಾಸದಿಂದ ಬಡಿತವನ್ನು ಲೆಕ್ಕ ಹಾಕುತ್ತದೆ. ಮೂರನೆಯದು ಉಪಗ್ರಹಗಳ ಸಂಕೇತದಿಂದ ಸ್ಥಳವನ್ನು ಗುರುತಿಸುವ ಜಿ.ಪಿ.ಎಸ್. ವ್ಯವಸ್ಥೆ.

ಇಂತಹ ಸಾಧನಗಳೊಂದಿಗೆ ಪ್ರಸಿದ್ಧವಾದ ‘ದಿನಕ್ಕೆ 10,000 ಹೆಜ್ಜೆ’ ಎಂಬ ಗುರಿಯ ಮೂಲ ಕುತೂಹಲಕರವಾಗಿದೆ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕೆ ತಂದ ನಡಿಗೆಮಾಪಕದ ಹೆಸರು ‘ಮಾನ್‌ಪೊ-ಕೇ’. ಅದರ ಅರ್ಥ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ವೈದ್ಯಕೀಯ ಸಂಶೋಧನೆಗಿಂತ ಮೊದಲು ಮಾರುಕಟ್ಟೆಯಲ್ಲಿ ಹುಟ್ಟಿದ ಈ ಸಂಖ್ಯೆ ಕಾಲಕ್ರಮದಲ್ಲಿ ನಿಯಮದಂತೆ ಹರಡಿತು. 2019ರಲ್ಲಿ ಪ್ರಕಟವಾದ, ಅಮೆರಿಕದ 16,000ಕ್ಕೂ ಹೆಚ್ಚು ವೃದ್ಧ ಮಹಿಳೆಯರನ್ನು ಕುರಿತ ಅಧ್ಯಯನದಲ್ಲಿ ಹೆಜ್ಜೆಗಳು ಹೆಚ್ಚಿದಂತೆ ಸಾವಿನ ಪ್ರಮಾಣ ಕಡಿಮೆಯಾಗುತ್ತಾ ಹೋಗಿ, ಸುಮಾರು 7,500 ಹೆಜ್ಜೆಗಳ ಬಳಿಕ ಆ ಇಳಿಕೆ ನಿಂತಿದ್ದು ಕಂಡುಬಂದಿತು.

ಪರದೆಯ ಮೇಲೆ ಕಾಣುವ ‘ವ್ಯಯವಾದ ಕ್ಯಾಲೊರಿ’ ನೇರವಾಗಿ ಅಳೆದದ್ದಲ್ಲ. ಚಲನೆ, ಬಡಿತ, ವಯಸ್ಸು, ತೂಕಗಳಿಂದ ಸೂತ್ರದ ಮೂಲಕ ಮಾಡಿದ ಅಂದಾಜು ಅದು. ಶಕ್ತಿವ್ಯಯವನ್ನು ನಿಖರವಾಗಿ ತಿಳಿಯಲು ವಿಜ್ಞಾನಿಗಳು ಬೇರೊಂದು ವಿಧಾನವನ್ನು ಅನುಸರಿಸುತ್ತಾರೆ. ಹೈಡ್ರೋಜನ್ ಮತ್ತು ಆಮ್ಲಜನಕಗಳ ಭಾರವಾದ ಐಸೋಟೋಪುಗಳಿರುವ ನೀರನ್ನು ಕುಡಿಸಿ, ಒಂದೆರಡು ವಾರಗಳಲ್ಲಿ ಮೂತ್ರದ ಮೂಲಕ ಅವು ಹೊರಹೋಗುವ ವೇಗವನ್ನು ನೋಡಿ, ದೇಹವು ಉತ್ಪಾದಿಸಿದ ಇಂಗಾಲದ ಡೈಆಕ್ಸೈಡನ್ನು ಲೆಕ್ಕ ಹಾಕಲಾಗುತ್ತದೆ. ಇದು ದುಬಾರಿಯಾದರೂ ಹೆಚ್ಚು ವಿಶ್ವಸನೀಯ.

ಹಾಡ್ಜಾ ಜನರ ಒಂದು ದಿನ

ಪೂರ್ವ ಆಫ್ರಿಕದ ತಾಂಜಾನಿಯದ ಉತ್ತರ ಭಾಗದಲ್ಲಿ ಎಯಾಸಿ ಸರೋವರದ ಸುತ್ತ ಹಾಡ್ಜಾ ಜನರು ವಾಸಿಸುತ್ತಾರೆ. ಅವರ ಸಂಖ್ಯೆ ಒಂದು ಸಾವಿರಕ್ಕೆ ಸ್ವಲ್ಪ ಹೆಚ್ಚು. ಅವರಲ್ಲಿ ಒಂದು ಭಾಗವು ಇಂದಿಗೂ ಬಹುಮಟ್ಟಿಗೆ ಕಾಡಿನ ಆಹಾರದಿಂದ ಜೀವಿಸುತ್ತದೆ. ಗಂಡಸರು ಬಿಲ್ಲುಬಾಣ ಹಿಡಿದು ಬೇಟೆಗೆ ಹೋಗುತ್ತಾರೆ, ಜೇನು ಕೀಳುತ್ತಾರೆ. ಹೆಂಗಸರು ಹಾರೆಯಂತಹ ಚೂಪಾದ ಕೋಲಿನಿಂದ ಗಟ್ಟಿನೆಲವನ್ನು ಅಗೆದು ಗೆಡ್ಡೆ ತೆಗೆಯುತ್ತಾರೆ, ಹಣ್ಣು ಆಯುತ್ತಾರೆ.

ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು 30 ಮಂದಿ ಹಾಡ್ಜಾ ವಯಸ್ಕರ ಶಕ್ತಿವ್ಯಯವನ್ನು ಮೇಲೆ ಹೇಳಿದ ಐಸೋಟೋಪು ವಿಧಾನದಿಂದಲೂ, ಅವರ ನಡಿಗೆಯನ್ನು ಜಿ.ಪಿ.ಎಸ್. ಸಾಧನದಿಂದಲೂ ಅಳೆದು 2012ರಲ್ಲಿ ವರದಿ ಪ್ರಕಟಿಸಿದರು. ಗಂಡಸರು ದಿನಕ್ಕೆ ಸರಾಸರಿ 11.4 ಕಿಲೋಮೀಟರ್, ಹೆಂಗಸರು 5.8 ಕಿಲೋಮೀಟರ್ ನಡೆಯುತ್ತಿದ್ದರು. ಇಷ್ಟು ದುಡಿಯುವವರು ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರಿಗಿಂತ ಬಹಳ ಹೆಚ್ಚು ಶಕ್ತಿಯನ್ನು ವ್ಯಯಿಸುತ್ತಿರಬೇಕೆಂಬುದು ಎಲ್ಲರ ನಿರೀಕ್ಷೆಯಾಗಿತ್ತು. ಆದರೆ ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡಾಗ ಹಾಡ್ಜಾ ಜನರ ಒಟ್ಟು ದೈನಿಕ ಶಕ್ತಿವ್ಯಯವು ಅಮೆರಿಕ ಮತ್ತು ಯೂರೋಪಿನ ಜನರದಕ್ಕಿಂತ ಭಿನ್ನವಾಗಿರಲಿಲ್ಲ.

ದುಡಿಮೆಗೆ ಖರ್ಚಾದ ಶಕ್ತಿಯನ್ನು ದೇಹವು ಬೇರೆ ಆಂತರಿಕ ಕ್ರಿಯೆಗಳಲ್ಲಿ ಉಳಿತಾಯ ಮಾಡಿ ಸರಿದೂಗಿಸುತ್ತದೆ ಎಂಬುದು ಪಾಂಟ್ಸರ್ ಅವರ ವಿವರಣೆ. ಈ ಬಗ್ಗೆ ತಜ್ಞರಲ್ಲಿ ಚರ್ಚೆ ಇನ್ನೂ ನಡೆದಿದೆ. ಆದರೂ ಸಾಮಾನ್ಯ ಓದುಗರಿಗೆ ಇದರಲ್ಲೊಂದು ಪಾಠವಿದೆ. ದೈಹಿಕ ಶ್ರಮದ ಲಾಭವನ್ನು ಸುಟ್ಟ ಕ್ಯಾಲೊರಿಗಳ ಸಂಖ್ಯೆಯಿಂದಲೇ ಅಳೆಯುವುದು ಸರಿಯಾಗಲಾರದು. ಹೃದಯ, ರಕ್ತನಾಳ ಮತ್ತು ಸ್ನಾಯುಗಳ ಮೇಲೆ ಅದರ ಪರಿಣಾಮ ಬೇರೆಯೇ ಇದೆ.

ಆ ಪರಿಣಾಮವನ್ನು ಡೇವಿಡ್ ರೈಕ್ಲೆನ್ ಮತ್ತು ಸಂಗಡಿಗರ 2017ರ ಅಧ್ಯಯನ ತೋರಿಸಿತು. ಹೃದಯಬಡಿತದ ಮಾಪಕಗಳನ್ನು ಧರಿಸಿದ ಹಾಡ್ಜಾ ಜನರು ದಿನವೊಂದಕ್ಕೆ ಸುಮಾರು 135 ನಿಮಿಷಗಳ ಕಾಲ ಸಾಧಾರಣ ಅಥವಾ ತೀವ್ರ ಶ್ರಮದಲ್ಲಿ ತೊಡಗಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಸಾಧಾರಣ ಶ್ರಮವನ್ನು ವಾರಕ್ಕೆ ಕನಿಷ್ಠ 150 ನಿಮಿಷವೆಂದು ಸೂಚಿಸಿದೆ. ಎಂದರೆ ನಗರವಾಸಿಗಳಿಗೆ ಒಂದು ವಾರಕ್ಕೆ ವಿಧಿಸಿದ ಪ್ರಮಾಣವನ್ನು ಹಾಡ್ಜಾ ಜನರು ಒಂದು ದಿನದಲ್ಲಿಯೇ ಬಹುತೇಕ ಪೂರೈಸುತ್ತಾರೆ. ಅವರಲ್ಲಿ ಅಧಿಕ ರಕ್ತದೊತ್ತಡ ವಿರಳವಾಗಿತ್ತು, ಕೊಲೆಸ್ಟರಾಲ್ ಪ್ರಮಾಣವೂ ಉತ್ತಮವಾಗಿತ್ತು.

ಕುಕ್ಕರಗಾಲಿನ ವಿಶ್ರಾಂತಿ

ಹಾಗಾದರೆ ಹಾಡ್ಜಾ ಜನರು ದಣಿವಾರಿಸಿಕೊಳ್ಳುವುದೇ ಇಲ್ಲವೇ? 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 28 ಮಂದಿ ತೊಡೆಗೆ ಮಾಪಕವನ್ನು ಕಟ್ಟಿಕೊಂಡರು. ತೊಡೆ ಅಡ್ಡಲಾಗಿದೆಯೋ ನೆಟ್ಟಗಿದೆಯೋ ಎಂಬುದರಿಂದ ಕುಳಿತಿರುವುದನ್ನೂ ನಿಂತಿರುವುದನ್ನೂ ಇದು ಬೇರ್ಪಡಿಸಬಲ್ಲದು. ಎಚ್ಚರವಾಗಿರುವ ಅವಧಿಯಲ್ಲಿ ಅವರು ಸರಾಸರಿ 9.9 ಗಂಟೆಗಳ ಕಾಲ ವಿಶ್ರಾಂತಿಯ ಭಂಗಿಯಲ್ಲಿದ್ದರು. ಇದು ನಗರವಾಸಿಗಳು ಕುಳಿತು ಕಳೆಯುವ ಅವಧಿಗೆ ಸಮೀಪವಾದುದು.

ವ್ಯತ್ಯಾಸವಿದ್ದದ್ದು ಕುಳಿತುಕೊಳ್ಳುವ ರೀತಿಯಲ್ಲಿ. ಅವರು ದಿನಕ್ಕೆ ಸುಮಾರು ಎರಡು ಗಂಟೆಗಳನ್ನು ಕುಕ್ಕರಗಾಲಿನಲ್ಲಿ ಅಥವಾ ಮಂಡಿಯೂರಿ ಕಳೆಯುತ್ತಿದ್ದರು. ಕಾಲಿನ ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದಾಗ, ಕುರ್ಚಿಯಲ್ಲಿ ಕುಳಿತಾಗ ಸುಮ್ಮನಿರುವ ಸ್ನಾಯುಗಳು ಕುಕ್ಕರಗಾಲಿನಲ್ಲಿ ಲಘುವಾಗಿ ಕೆಲಸ ಮಾಡುತ್ತಲೇ ಇರುತ್ತವೆಂದು ತಿಳಿದುಬಂದಿತು. ಕುರ್ಚಿಯು ಈ ಲಘು ದುಡಿಮೆಯನ್ನು ತಪ್ಪಿಸಿರುವುದೇ ದೀರ್ಘಕಾಲ ಕುಳಿತಿರುವುದರ ಹಾನಿಗೆ ಒಂದು ಕಾರಣವಿರಬಹುದೆಂದು ಸಂಶೋಧಕರು ಅಭಿಪ್ರಾಯಪಟ್ಟರು. ನೆಲದ ಮೇಲೆ ಕುಳಿತು ಉಣ್ಣುವ, ಕುಕ್ಕರಗಾಲಿನಲ್ಲಿ ಕುಳಿತು ಪಾತ್ರೆ ಬೆಳಗುವ ರೂಢಿಯು ನೆನಪಿನಲ್ಲಿರುವ ಕನ್ನಡಿಗರಿಗೆ ಈ ಅಂಶ ಹೊಸದೆನಿಸಲಾರದು. ಆದರೆ ಅದಕ್ಕೆ ಅಳತೆಯ ಆಧಾರ ದೊರೆತದ್ದು ಇತ್ತೀಚೆಗೆ.

ನಿದ್ರೆಯ ವಿಷಯದಲ್ಲಿಯೂ ಇಂತಹುದೇ ಅಚ್ಚರಿ ಕಾದಿತ್ತು. ಹಾಡ್ಜಾ, ನಮೀಬಿಯದ ಸಾನ್ ಮತ್ತು ಬೊಲಿವಿಯದ ಚಿಮಾನೆ ಸಮುದಾಯಗಳ 94 ವಯಸ್ಕರು ಮಣಿಕಟ್ಟಿನ ಮಾಪಕ ಧರಿಸಿ ನಿದ್ರಿಸಿದ ರಾತ್ರಿಗಳ ವರದಿ 2015ರಲ್ಲಿ ಪ್ರಕಟವಾಯಿತು. ವಿದ್ಯುದ್ದೀಪವಿಲ್ಲದ ಈ ಜನರು ಸೂರ್ಯಾಸ್ತವಾದ ಕೂಡಲೇ ಮಲಗುತ್ತಿರಲಿಲ್ಲ. ಸರಾಸರಿ ಮೂರು ಗಂಟೆಗಳಿಗೂ ಹೆಚ್ಚು ಕಾಲ ಎಚ್ಚರವಾಗಿದ್ದು, ಬಳಿಕ 5.7ರಿಂದ 7.1 ಗಂಟೆ ನಿದ್ರಿಸುತ್ತಿದ್ದರು.

ಚಿಮಾನೆ ಜನರ ರಕ್ತನಾಳಗಳು

ದಕ್ಷಿಣ ಅಮೆರಿಕದ ಬೊಲಿವಿಯದಲ್ಲಿ ಮಾನಿಕಿ ನದಿಯ ಆಸುಪಾಸಿನ ಮಳೆಕಾಡುಗಳಲ್ಲಿ ಚಿಮಾನೆ ಜನರು ಬೇಸಾಯ, ಮೀನುಗಾರಿಕೆ, ಬೇಟೆ ಮತ್ತು ಸಂಗ್ರಹಣೆಯಿಂದ ಜೀವಿಸುತ್ತಾರೆ. ಅವರಲ್ಲಿ 40ರಿಂದ 94 ವರ್ಷ ವಯಸ್ಸಿನ 705 ಮಂದಿಯ ಹೃದಯದ ಸಿ.ಟಿ. ಸ್ಕ್ಯಾನ್ ಪರೀಕ್ಷೆಯ ಫಲಿತಾಂಶವು 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಶೇಕಡಾ 85ರಷ್ಟು ಮಂದಿಯ ಹೃದಯದ ರಕ್ತನಾಳಗಳಲ್ಲಿ ಸುಣ್ಣದಂಶ ಕಟ್ಟಿಕೊಂಡಿರಲೇ ಇಲ್ಲ. ಸಾಧಾರಣ ಅಥವಾ ಅಧಿಕ ಅಪಾಯದ ಮಟ್ಟದಲ್ಲಿದ್ದವರು ಶೇಕಡಾ 3 ಮಾತ್ರ. ಅದುವರೆಗೆ ಅಧ್ಯಯನ ಮಾಡಿದ್ದ ಯಾವ ಜನಸಮೂಹದಲ್ಲಿಯೂ ಇಷ್ಟು ಸ್ವಚ್ಛವಾದ ರಕ್ತನಾಳಗಳು ಕಂಡುಬಂದಿರಲಿಲ್ಲ.

ಚಿಮಾನೆ ಗಂಡಸರು ದಿನಕ್ಕೆ 6ರಿಂದ 7 ಗಂಟೆ, ಹೆಂಗಸರು 4ರಿಂದ 6 ಗಂಟೆ ದೈಹಿಕ ಚಟುವಟಿಕೆಯಲ್ಲಿರುತ್ತಾರೆ. ಮಾಪಕಗಳಿಂದ ತಿಳಿದುಬಂದಂತೆ ಈ ಚಟುವಟಿಕೆಯು ಬಹುಪಾಲು ಸಾಧಾರಣ ತೀವ್ರತೆಯದು. ಉಸಿರುಗಟ್ಟುವಂತೆ ಓಡುವ ಸಂದರ್ಭಗಳು ಕಡಿಮೆ, ಬಿಡುವು ಕೊಡುತ್ತಾ ದಿನವಿಡೀ ಮುಂದುವರಿಯುವ ಕೆಲಸ ಹೆಚ್ಚು.

ಆದರೆ ಇದನ್ನು ಕಾಡಿನ ಬದುಕಿನ ಗುಣಗಾನವಾಗಿ ಓದಬಾರದು. ಈ ಸಮುದಾಯಗಳಲ್ಲಿ ಸೋಂಕು ರೋಗಗಳೂ ಶಿಶುಮರಣವೂ ಅಧಿಕ. ಆಧುನಿಕ ವೈದ್ಯಕೀಯ ಸೌಲಭ್ಯ ಅವರಿಗೂ ಅಗತ್ಯ. ಇದಲ್ಲದೆ ದುಡಿಮೆಯ ಜೊತೆಗೆ ಅವರ ಆಹಾರವೂ ಭಿನ್ನವಾಗಿರುವುದರಿಂದ ಎಲ್ಲ ಶ್ರೇಯಸ್ಸನ್ನೂ ದುಡಿಮೆಯೊಂದಕ್ಕೇ ಕೊಡಲಾಗದು.

ಮಾಪಕಕ್ಕೆ ಕಾಣದ ದುಡಿಮೆ

ಹೆಚ್ಚಿನ ಸಾಧನಗಳು ನಗರವಾಸಿಗಳ ನಡಿಗೆ ಮತ್ತು ಓಟಕ್ಕಾಗಿ ರೂಪುಗೊಂಡವು. ಆದ್ದರಿಂದ ಸಾಂಪ್ರದಾಯಿಕ ದುಡಿಮೆಯನ್ನು ಅವು ಹಲವು ಬಾರಿ ತಪ್ಪಾಗಿ ಓದುತ್ತವೆ. ಕುಳಿತಲ್ಲೇ ಗೆಡ್ಡೆ ಅಗೆಯುವ ಹೆಂಗಸಿನ ಸೊಂಟಕ್ಕೆ ಕಟ್ಟಿದ ಮಾಪಕವು ಆಕೆ ಸುಮ್ಮನೆ ಕುಳಿತಿದ್ದಾಳೆಂದು ದಾಖಲಿಸಬಹುದು. ದೋಣಿಯಲ್ಲಿ ಹುಟ್ಟು ಹಾಕುವವನ ತೋಳುಗಳು ದಣಿದರೂ ಕಾಲುಗಳು ಚಲಿಸುವುದಿಲ್ಲ. ತಲೆಯ ಮೇಲೆ ಸೌದೆಯ ಹೊರೆ ಇದ್ದರೂ ಇಲ್ಲದಿದ್ದರೂ ವೇಗೋತ್ಕರ್ಷ ಮಾಪಕಕ್ಕೆ ಹೆಜ್ಜೆ ಒಂದೇ. ಬೀಸುವ ಕಲ್ಲಿನ ಮುಂದೆ ಕುಳಿತು ರಾಗಿ ಬೀಸಿದವರಿಗೆ ಈ ಮಾತಿನ ಅರ್ಥ ಸುಲಭವಾಗಿ ತಿಳಿಯುತ್ತದೆ: ಬೆನ್ನು, ಭುಜಗಳಿಗೆ ತಿಳಿದ ಶ್ರಮವು ಹೆಜ್ಜೆಯ ಲೆಕ್ಕದಲ್ಲಿ ಸೊನ್ನೆ. ಇದಕ್ಕೆ ವಿರುದ್ಧವಾಗಿ, ಕಚ್ಚಾರಸ್ತೆಯಲ್ಲಿ ವಾಹನದ ಕುಲುಕಾಟವು ಹೆಜ್ಜೆಗಳಾಗಿ ದಾಖಲಾಗುವುದುಂಟು.

ಮಣಿಕಟ್ಟಿನಲ್ಲಿ ಬೆಳಕಿನಿಂದ ಹೃದಯಬಡಿತ ಅಳೆಯುವ ವಿಧಾನಕ್ಕೂ ಮಿತಿಗಳಿವೆ. ಇಂತಹ ಸಾಧನಗಳನ್ನು ಪರೀಕ್ಷಿಸಿದ 2020ರ ಅಧ್ಯಯನವೊಂದರಲ್ಲಿ ವಿಶ್ರಾಂತಿಯ ಸಮಯಕ್ಕಿಂತ ಚಟುವಟಿಕೆಯ ಸಮಯದಲ್ಲಿ ದೋಷವು ಸರಾಸರಿ ಶೇಕಡಾ 30ರಷ್ಟು ಹೆಚ್ಚಾಗಿತ್ತು. ಕೈ ಬಿಗಿಹಿಡಿದು ಮಾಡುವ ಕೆಲಸಗಳಲ್ಲಿ ಹಾಗೂ ಹಚ್ಚೆ ಹಾಕಿಸಿಕೊಂಡ ಚರ್ಮದ ಮೇಲೆ ಅಳತೆ ತಪ್ಪುವುದುಂಟು. ವಿದ್ಯುತ್ ಇಲ್ಲದ ನೆಲೆಗಳಲ್ಲಿ ಸಾಧನವನ್ನು ಚಾರ್ಜು ಮಾಡುವುದೇ ಒಂದು ಸಮಸ್ಯೆ. ಕೆಲಸದ ವೇಳೆ ಅಡ್ಡಿಯೆನಿಸಿ ಅದನ್ನು ಬಿಚ್ಚಿಟ್ಟರೆ ಆ ದಿನದ ಅತಿ ಕಠಿಣವಾದ ದುಡಿಮೆಯೇ ದಾಖಲೆಯಿಂದ ಬಿಟ್ಟುಹೋಗುತ್ತದೆ.

ಇದಕ್ಕೆ ಪರಿಹಾರ ಉಂಟು. ಒಂದೇ ಸಾಧನವನ್ನು ನಂಬದೆ ಚಲನೆ, ಬಡಿತ ಮತ್ತು ಸ್ಥಳದ ಅಳತೆಗಳನ್ನು ಒಟ್ಟುಗೂಡಿಸಬೇಕು. ಸಾಧನವನ್ನು ಕೆಲಸಕ್ಕೆ ತಕ್ಕ ಅಂಗಕ್ಕೆ ಕಟ್ಟಬೇಕು. ಆಯಾ ಸಮುದಾಯದ ಪ್ರತಿಯೊಂದು ಕೆಲಸದ ಶ್ರಮವನ್ನು ಮೊದಲು ಬೇರೆಯಾಗಿ ಅಳೆದು ಪಟ್ಟಿ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನದ ಕೊನೆಯಲ್ಲಿ ಆ ವ್ಯಕ್ತಿಯನ್ನೇ ಕೇಳಬೇಕು: ಯಾವ ಹೊತ್ತಿನಲ್ಲಿ ಯಾವ ಕೆಲಸ, ಯಾರೊಡನೆ, ಯಾವ ಹೊರೆಯೊಡನೆ? ಆ ಮಾತು ಸೇರಿದಾಗ ಮಾತ್ರ ಅಂಕಿಯು ಅರ್ಥವಾಗುತ್ತದೆ.

ಹೂಲಾ ನೃತ್ಯದಿಂದ ಚಿಕಿತ್ಸೆ

ಇಂತಹ ಅಳತೆಯಿಂದ ಸಮುದಾಯಕ್ಕೆ ನೇರವಾದ ಪ್ರಯೋಜನ ದೊರೆತ ಉದಾಹರಣೆ ಹವಾಯಿ ದ್ವೀಪಗಳಲ್ಲಿದೆ. ಅಲ್ಲಿನ ಮೂಲನಿವಾಸಿಗಳ ಹೂಲಾ ನೃತ್ಯವು ಅವರ ವಂಶಾವಳಿ, ಪುರಾಣ ಮತ್ತು ಭಕ್ತಿಗಳ ವಾಹಕ. ಕ್ರೈಸ್ತ ಮಿಷನರಿಗಳ ಪ್ರಭಾವದಿಂದ 1830ರಲ್ಲಿ ಅದರ ಸಾರ್ವಜನಿಕ ಪ್ರದರ್ಶನ ನಿಷೇಧಕ್ಕೆ ಒಳಗಾಯಿತು. 1874ರಿಂದ 1891ರವರೆಗೆ ಆಳಿದ ರಾಜ ಕಲಾಕಾವನ ಪ್ರೋತ್ಸಾಹದಿಂದ ಅದು ಮತ್ತೆ ಚಿಗುರಿತು.

ಈ ನೃತ್ಯವು ವ್ಯಾಯಾಮವೆನಿಸುವುದೇ ಎಂಬ ಪ್ರಶ್ನೆಗೆ 2014ರಲ್ಲಿ ಉತ್ತರ ದೊರೆಯಿತು. ನರ್ತಕರು ದೇಹಕ್ಕೆ ಕಟ್ಟಿಕೊಂಡು ಕುಣಿಯಬಹುದಾದ ಸಾಧನದಿಂದ ಅವರ ಉಸಿರಿನಲ್ಲಿನ ಆಮ್ಲಜನಕದ ಬಳಕೆಯನ್ನು ಅಳೆಯಲಾಯಿತು. ಸುಮ್ಮನೆ ಕುಳಿತಾಗ ಆಗುವ ಶಕ್ತಿವ್ಯಯವನ್ನು ಒಂದು ಎಂದು ಎಣಿಸಿದರೆ ನಿಧಾನಗತಿಯ ಹೂಲಾದಲ್ಲಿ ಅದು ಸರಾಸರಿ 5.7ರಷ್ಟು, ವೇಗದ ಹೂಲಾದಲ್ಲಿ 7.55ರಷ್ಟು ಇತ್ತು. ಆರಕ್ಕೆ ಮೀರಿದ ಚಟುವಟಿಕೆಯನ್ನು ತೀವ್ರ ಶ್ರಮವೆಂದು ಪರಿಗಣಿಸುವುದು ರೂಢಿ.

ಮುಂದಿನ ಹೆಜ್ಜೆಯಾಗಿ, ಅಧಿಕ ರಕ್ತದೊತ್ತಡವಿದ್ದ 263 ಮಂದಿ ಹವಾಯಿ ಮೂಲನಿವಾಸಿಗಳನ್ನು ಎರಡು ಗುಂಪುಗಳನ್ನಾಗಿ ಮಾಡಲಾಯಿತು. ಎರಡು ಗುಂಪುಗಳಿಗೂ ಹೃದಯದ ಆರೋಗ್ಯದ ಬಗ್ಗೆ ತಿಳಿವಳಿಕೆ ನೀಡಲಾಯಿತು. ಒಂದು ಗುಂಪಿಗೆ ಇದರ ಜೊತೆಗೆ ಮೂರು ತಿಂಗಳ ಕಾಲ ವಾರಕ್ಕೆರಡು ಬಾರಿ ಹೂಲಾ ಪಾಠವಿತ್ತು. 2021ರಲ್ಲಿ ಪ್ರಕಟವಾದ ವರದಿಯಂತೆ ಮೂರು ತಿಂಗಳ ಕೊನೆಯಲ್ಲಿ ಹೂಲಾ ಕಲಿತವರ ಸಂಕೋಚನ ರಕ್ತದೊತ್ತಡವು 15.3 ಮಿಲಿಮೀಟರ್ ಪಾದರಸದಷ್ಟು, ಉಳಿದವರದು 11.8ರಷ್ಟು ಇಳಿದಿತ್ತು. ಜಿಮ್ಮಿನ ಓಟಪಟ್ಟಿಯಲ್ಲಿ ಒಬ್ಬಂಟಿಯಾಗಿ ಓಡುವುದಕ್ಕಿಂತ ತಮ್ಮವರೊಡನೆ ತಮ್ಮ ಹಾಡಿಗೆ ಕುಣಿಯುವ ಚಿಕಿತ್ಸೆಯಲ್ಲಿ ಜನರನ್ನು ಹಿಡಿದಿಡುವ ಶಕ್ತಿ ಇದೆ.

ಆಸ್ಟ್ರೇಲಿಯದ ಆರ್ನೆಮ್ ನೆಲದಲ್ಲಿ 2009ರಲ್ಲಿ ಪ್ರಕಟವಾದ, 298 ಮಂದಿ ಮೂಲನಿವಾಸಿಗಳನ್ನು ಕುರಿತ ಅಧ್ಯಯನವೂ ಇದನ್ನೇ ಸಮರ್ಥಿಸುತ್ತದೆ. ಕಾಲಕಾಲಕ್ಕೆ ಹುಲ್ಲು ಸುಡುವುದು, ಬೇಟೆ, ಆಹಾರ ಸಂಗ್ರಹ, ಪವಿತ್ರ ಸ್ಥಳಗಳ ರಕ್ಷಣೆ ಮೊದಲಾದ ಕೆಲಸಗಳಿಂದ ಪೂರ್ವಿಕರ ನೆಲವನ್ನು ನೋಡಿಕೊಳ್ಳುವವರಲ್ಲಿ ತೂಕ, ಮಧುಮೇಹ ಮತ್ತು ಹೃದ್ರೋಗದ ಅಪಾಯ ಕಡಿಮೆಯಿದ್ದುದು ಕಂಡುಬಂದಿತು. ಅಲ್ಲಿ ಬಳಸಿದ್ದು ಮಾಪಕವನ್ನಲ್ಲ, ಸ್ಥಳೀಯರು ಮುಖ್ಯವೆಂದು ತಿಳಿಸಿದ ಕೆಲಸಗಳ ಪ್ರಶ್ನಾವಳಿಯನ್ನು. ಯಾವ ಕೆಲಸವನ್ನು ಅಳೆಯಬೇಕೆಂದು ಜನರೇ ಹೇಳಿದಾಗ ಅಳತೆಯು ಗುರಿ ಮುಟ್ಟುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮಾಹಿತಿ ಯಾರ ಸ್ವತ್ತು?

ಸಂಶೋಧನೆಯ ಹೆಸರಿನಲ್ಲಿ ಮೂಲನಿವಾಸಿಗಳ ವಿಶ್ವಾಸಕ್ಕೆ ಪೆಟ್ಟು ಬಿದ್ದ ಪ್ರಸಂಗಗಳುಂಟು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಹವಾಸುಪಾಯಿ ಜನರು 1990ರ ದಶಕದ ಆರಂಭದಲ್ಲಿ, ಮಧುಮೇಹದ ಕಾರಣ ತಿಳಿಯಬಹುದೆಂಬ ನಿರೀಕ್ಷೆಯಿಂದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ತಮ್ಮ ರಕ್ತವನ್ನು ನೀಡಿದ್ದರು. ಅದೇ ರಕ್ತವನ್ನು ಮಾನಸಿಕ ಕಾಯಿಲೆ, ಒಳಸಂಬಂಧದ ವಿವಾಹ ಹಾಗೂ ಪೂರ್ವಿಕರ ವಲಸೆಯ ಅಧ್ಯಯನಗಳಿಗೂ ಬಳಸಲಾಗಿದೆಯೆಂದು ತಿಳಿದಾಗ ಅವರು ನ್ಯಾಯಾಲಯದ ಮೊರೆ ಹೊಕ್ಕರು. 2010ರಲ್ಲಿ ರಾಜಿಯಾಗಿ, 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಪರಿಹಾರ ದೊರೆಯಿತು. ಉಳಿದಿದ್ದ ರಕ್ತವೂ ಅವರ ಕೈಸೇರಿತು.

ಧರಿಸುವ ಮಾಪಕವು ರಕ್ತ ತೆಗೆಯುವುದಿಲ್ಲ. ಆದರೂ ಅದು ಸಂಗ್ರಹಿಸುವ ಮಾಹಿತಿ ಸೂಕ್ಷ್ಮವಾದುದು. 2018ರ ಜನವರಿಯಲ್ಲಿ, ಓಟ ಮತ್ತು ಸೈಕಲ್ ಸವಾರಿಯ ದಾರಿಗಳನ್ನು ದಾಖಲಿಸುವ ‘ಸ್ಟ್ರಾವಾ’ ಎಂಬ ಸೇವೆಯು ಪ್ರಕಟಿಸಿದ್ದ ಜಗತ್ತಿನ ನಕಾಶೆಯಲ್ಲಿ ಸೈನಿಕ ನೆಲೆಗಳ ಗುರುತು ಸಿಕ್ಕಿದ್ದು ಬೆಳಕಿಗೆ ಬಂದಿತು. ಯಾರ ಹೆಸರೂ ಅದರಲ್ಲಿರಲಿಲ್ಲ, ಅನೇಕರ ನಡಿಗೆ ಒಟ್ಟುಗೂಡಿದ್ದೇ ಸಾಕಾಯಿತು. ಒಂದು ಬುಡಕಟ್ಟಿನ ಜೇನುಮರಗಳು, ಔಷಧಿ ಸಸ್ಯಗಳ ತಾಣ, ಮೀನಿನ ಮಡು, ದೇವರ ಬನ ಇವುಗಳ ದಾರಿಯೂ ಹೀಗೆಯೇ ಹೊರಬೀಳಬಹುದು. ಇಲ್ಲಿ ಹಾನಿ ಆಗುವುದು ಒಬ್ಬ ವ್ಯಕ್ತಿಗಲ್ಲ, ಇಡೀ ಸಮುದಾಯಕ್ಕೆ.

ಈ ಕಾರಣದಿಂದ ಮೂಲನಿವಾಸಿಗಳೇ ನಿಯಮಗಳನ್ನು ರೂಪಿಸಿಕೊಂಡಿದ್ದಾರೆ. ಕೆನಡಾದ ಮೂಲನಿವಾಸಿಗಳು 1998ರಲ್ಲಿ ಮಾಹಿತಿಯ ಒಡೆತನ, ನಿಯಂತ್ರಣ, ಬಳಕೆಯ ಅವಕಾಶ ಮತ್ತು ಸ್ವಾಧೀನ ಎಂಬ ನಾಲ್ಕು ತತ್ತ್ವಗಳನ್ನು ಮುಂದಿಟ್ಟರು. ದಕ್ಷಿಣ ಆಫ್ರಿಕದ ಸಾನ್ ಜನರು 2017ರಲ್ಲಿ ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಮತ್ತು ಸರಿಯಾದ ಕಾರ್ಯವಿಧಾನಗಳನ್ನು ಒಳಗೊಂಡ ಸಂಶೋಧನಾ ಸಂಹಿತೆಯನ್ನು ಪ್ರಕಟಿಸಿದರು. ಮಾಹಿತಿಯಿಂದ ಸಮುದಾಯಕ್ಕೆ ಸಾಮೂಹಿಕ ಪ್ರಯೋಜನ ದೊರೆಯಬೇಕು ಮತ್ತು ಅದರ ಮೇಲೆ ಸಮುದಾಯಕ್ಕೆ ಅಧಿಕಾರವಿರಬೇಕು ಎಂಬ ತತ್ತ್ವಗಳು 2019ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ರೂಪುಗೊಂಡವು.

ಭಾರತದ ಸಂದರ್ಭ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಪರಿಶಿಷ್ಟ ಪಂಗಡಗಳ ಜನಸಂಖ್ಯೆ 10.43 ಕೋಟಿ, ಎಂದರೆ ಒಟ್ಟು ಜನಸಂಖ್ಯೆಯ ಶೇಕಡಾ 8.6. ಡಾ. ಅಭಯ್ ಬಂಗ್ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯು 2018ರಲ್ಲಿ ಸಲ್ಲಿಸಿದ ವರದಿಯಲ್ಲಿ, ಅಪೌಷ್ಟಿಕತೆ ಮತ್ತು ಸೋಂಕು ರೋಗಗಳು ಇನ್ನೂ ಉಳಿದಿರುವಾಗಲೇ ಅಧಿಕ ರಕ್ತದೊತ್ತಡ, ಮಧುಮೇಹದಂತಹ ರೋಗಗಳೂ ಗಿರಿಜನರಲ್ಲಿ ಹೆಚ್ಚುತ್ತಿರುವುದನ್ನು ಎತ್ತಿತೋರಿಸಿತು. ಇಂತಹ ಸ್ಥಿತ್ಯಂತರದ ಕಾಲದಲ್ಲಿ ದೈನಂದಿನ ದುಡಿಮೆಯ ನಿಖರವಾದ ಅಳತೆಯು ರೋಗನಿವಾರಣೆಯ ಯೋಜನೆಗಳಿಗೆ ನೆರವಾಗಬಲ್ಲದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಗಿರಿಜನರಿಗೆ ವಿಶೇಷ ರಕ್ಷಣೆ ಒದಗಿಸಿವೆ. ಅವರನ್ನು ಒಳಗೊಳ್ಳುವ ಸಂಶೋಧನೆಯಿಂದ ಅವರಿಗೇ ಪ್ರಯೋಜನವಾಗಬೇಕು, ಸಮುದಾಯದ ಹಿರಿಯರೊಡನೆ ಹಾಗೂ ಸ್ಥಳೀಯ ಭಾಷೆ ಬಲ್ಲವರೊಡನೆ ಸಮಾಲೋಚಿಸಿ ಒಪ್ಪಿಗೆ ಪಡೆಯಬೇಕು ಎಂಬುದು ಅವುಗಳ ಆಶಯ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ವ್ಯಕ್ತಿಯ ಮಾಹಿತಿಗೆ ಕಾನೂನಿನ ಬೆಂಬಲ ನೀಡಿದೆ. ಸಮುದಾಯದ ಸಾಮೂಹಿಕ ಮಾಹಿತಿಗೆ ರಕ್ಷಣೆ ಹೇಗೆ ಎಂಬುದು ಮುಂದಿನ ಚಿಂತನೆಯ ವಿಷಯ.

ದುಡಿಮೆಯ ಮೂಲ ನೆಲದ ಹಕ್ಕಿನಲ್ಲಿದೆ ಎಂಬುದನ್ನು ಕರ್ನಾಟಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವವೂ ತಿಳಿಸುತ್ತದೆ. ಜೇನು, ನೆಲ್ಲಿಕಾಯಿ, ಕಲ್ಲುಹೂವುಗಳ ಸಂಗ್ರಹ ಅವರ ಜೀವನೋಪಾಯದ ಭಾಗ. ಅರಣ್ಯ ಕಾನೂನುಗಳಿಂದ ಅದಕ್ಕೆ ತಡೆ ಬಿದ್ದ ಬಳಿಕ, 2006ರ ಅರಣ್ಯ ಹಕ್ಕು ಅಧಿನಿಯಮದ ಅಡಿಯಲ್ಲಿ 2011ರಲ್ಲಿ ಅವರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಕಾಡಿನ ದಾರಿ ಮುಚ್ಚಿದರೆ ಹೆಜ್ಜೆಗಳೂ ನಿಲ್ಲುತ್ತವೆ. ಗಿಲಾ ನದಿಯ ನೀರು ತಿರುಗಿದಾಗ ಪೀಮಾ ಜನರಿಗೆ ಒದಗಿದ ಗತಿಯೂ ಇದೇ.

ಅಂಕಿ ಮತ್ತು ಬದುಕು

ಒಟ್ಟಿನಲ್ಲಿ ಹೇಳುವುದಾದರೆ, ಧರಿಸುವ ಮಾಪಕಗಳು ಮೂಲನಿವಾಸಿಗಳ ದುಡಿಮೆಯ ಆರೋಗ್ಯಮೌಲ್ಯವನ್ನು ಜಗತ್ತಿಗೆ ತೋರಿಸಿಕೊಟ್ಟಿವೆ. ಸಾಧಾರಣ ತೀವ್ರತೆಯ ದೀರ್ಘ ದುಡಿಮೆ, ಸ್ನಾಯುಗಳನ್ನು ಪೂರ್ತಿಯಾಗಿ ಸಡಿಲಗೊಳಿಸದ ವಿಶ್ರಾಂತಿ, ನಾಲ್ವರೊಡನೆ ಕೂಡಿ ಮಾಡುವ ಕೆಲಸ ಇವು ಹೃದಯಕ್ಕೆ ಹಿತವೆಂಬುದು ಈ ಅಧ್ಯಯನಗಳ ಸಾರ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಅಥವಾ ದೆಹಲಿಯ ಕಚೇರಿಗಳಲ್ಲಿ ಕುಳಿತು ದುಡಿಯುವವರಿಗೂ ಇದು ಅನ್ವಯಿಸುತ್ತದೆ. ಮಣಿಕಟ್ಟಿನ ಪಟ್ಟಿ ತೋರಿಸುವ ಕ್ಯಾಲೊರಿಗಳ ಬಗ್ಗೆ ಹೆಚ್ಚು ಚಿಂತಿಸದೆ, ಗಂಟೆಗೊಮ್ಮೆ ಎದ್ದು ನಡೆಯುವುದು, ಮೊಣಕಾಲು ಒಪ್ಪುವವರು ಆಗಾಗ ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವುದು, ಮನೆಗೆಲಸವನ್ನು ಎಲ್ಲರೂ ಹಂಚಿಕೊಂಡು ಮಾಡುವುದು ಸುಲಭಸಾಧ್ಯವಾದ ಆರಂಭ. ಹೃದ್ರೋಗ, ಮಧುಮೇಹಗಳಿರುವವರು ಶ್ರಮವನ್ನು ಹೆಚ್ಚಿಸುವ ಮುನ್ನ ವೈದ್ಯರ ಸಲಹೆ ಪಡೆಯುವುದು ಅವಶ್ಯ.

ಈ ತಿಳಿವಳಿಕೆಯನ್ನು ನೀಡಿದವರು ಹಾಡ್ಜಾ, ಚಿಮಾನೆ, ಪೀಮಾ, ಹವಾಯಿ ಮತ್ತು ಆಸ್ಟ್ರೇಲಿಯದ ಮೂಲನಿವಾಸಿಗಳು. ತಮ್ಮ ದಿನಗಳನ್ನು ಅಳೆಯಲು ಅವರು ಅನ್ಯರಿಗೆ ಅವಕಾಶ ಕೊಟ್ಟರು. ಅದರ ಫಲವು ಅವರ ನೆಲೆಗಳಿಗೆ ವೈದ್ಯಸೌಲಭ್ಯವಾಗಿ, ನೆಲಜಲಗಳ ಹಕ್ಕಾಗಿ, ಅವರದೇ ಭಾಷೆಯ ವರದಿಯಾಗಿ ಹಿಂತಿರುಗುವುದು ನ್ಯಾಯ.